ಹೇಳಿದಷ್ಟೇ ಮಾಡುವ ಬಂಡಿ

ಗಂಗಾವತಿಯಲ್ಲಿ ನನ್ನದೊಂದು ಮೋಟಾರ್ ರೀವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕಟ್ಟುವ ಅಂಗಡಿ ಇದೆ. ಬೇಸಿಗೆ ಬೆಳೆಯ ಭತ್ತ ಕಟಾವಿಗೆ ಬಂದ ಮೇಲೆ ಅಂಗಡಿಗೆ ಸುಟ್ಟ ಮೋಟಾರುಗಳು ಬರುವುದು ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ಶಾಲೆಗಳಿಗೂ ರಜೆ ಬಿಡುತ್ತದೆ. ಈ ಸಲದ ರಜೆಯಲ್ಲಿ ನನ್ನ ಮಗಳು ಮತ್ತು ಓಣಿಯ ಇನ್ನೈದು ಮಕ್ಕಳಿಗೆ, ಬೆಳಗಿನ ಏಳರಿಂದ ಒಂಬತ್ತರವರೆಗೆ, ಅಂದರೆ ಮೇಲಿನ ತಗಡು ಕಾದು ಕೂರಲಾಗದಂತೆ ಆಗುವ ಮೊದಲು, ಅಲ್ಗಾರಿದಮ್ (ಒಂದು ಕೆಲಸವನ್ನು ಹಂತ ಹಂತವಾಗಿ ಮಾಡಿಸುವ ಖಚಿತ ಸೂಚನೆಗಳ ಸಾಲು) ಎಂದರೇನೆಂದು ಕಂಪ್ಯೂಟರ್ ಇಲ್ಲದೆ ತಿಳಿಸಲು ಹೊರಟೆ. ಅದಕ್ಕಾಗಿ ಕಟ್ಟಿದ ಒಂದು ಕೈಬಂಡಿಯ ಕೆಲಸ, ಅದರಲ್ಲಿ ಆದ ತಪ್ಪುಗಳು ಮತ್ತು ಅವುಗಳ ರಿಪೇರಿಯ ವಿವರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಅಲ್ಗಾರಿದಮ್ ಎಂಬ ಹೆಸರು ಬಂದದ್ದು 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಜ್ಮಿಯಿಂದ. ನಮ್ಮ ಅಂಗಡಿಯಲ್ಲಿ ಅದಕ್ಕೆ ಬಹಳ ಹತ್ತಿರದ ವಸ್ತುವನ್ನು ‘ಡಾಟಾ’ ಅನ್ನುತ್ತೇವೆ. ಸುಟ್ಟ ಸುರುಳಿಗಳನ್ನು ಕತ್ತರಿಸಿ ತೆಗೆಯುವ ಮೊದಲು ಎಷ್ಟು ಸ್ಲಾಟು (ಸುರುಳಿ ಕೂರುವ ಸೀಳು), ಒಂದು ಸುರುಳಿಗೆ ಎಷ್ಟು ಸುತ್ತು, ತಂತಿಯ ಗೇಜ್ ಎಷ್ಟು, ಸುರುಳಿಯ ಒಂದು ಕಾಲು ಯಾವ ಸ್ಲಾಟಿನಲ್ಲಿ, ಇನ್ನೊಂದು ಕಾಲು ಯಾವುದರಲ್ಲಿ ಎಂಬುದನ್ನು ಪುಸ್ತಕದಲ್ಲಿ ಬರೆದುಕೊಳ್ಳದಿದ್ದರೆ ಮುಂದೆ ಮೋಟಾರು ಕಟ್ಟುವವನಿಗೆ ದಾರಿಯೇ ಇಲ್ಲ. ಕೆಲಸ ಕಲಿಯುತ್ತಿದ್ದ ಮೊದಲ ವರ್ಷ 24 ಸ್ಲಾಟಿನ, 4 ಪೋಲಿನ ಒಂದು ಮೋಟಾರಿಗೆ ‘ಪಿಚ್ 1–6’, ಅಂದರೆ ಸುರುಳಿಯ ಒಂದು ಕಾಲು ಒಂದನೆಯ ಸ್ಲಾಟಿನಲ್ಲಿ, ಇನ್ನೊಂದು ಆರನೆಯದರಲ್ಲಿ ಎಂದು ಉಸ್ತಾದರು ಬರೆದುಕೊಟ್ಟಿದ್ದನ್ನು ನಾನು ‘ಒಂದನೆಯದನ್ನು ಬಿಟ್ಟು ಆರು ಎಣಿಸು’ ಎಂದು ಓದಿಕೊಂಡು, ಸುರುಳಿಯ ಎರಡನೆಯ ಕಾಲನ್ನು ಏಳನೆಯ ಸ್ಲಾಟಿಗೆ ಒಯ್ದಿದ್ದೆ. ಸುರುಳಿ ಸುತ್ತುವ ಅಚ್ಚು, ಅಂದರೆ ಫರ್ಮಾ, 1–6ರ ಅಳತೆಯದಾಗಿದ್ದರಿಂದ ಸುರುಳಿ ಗಿಡ್ಡವಾಗಿ ಎಳೆದುಕೊಂಡಿತು, ಅಂಚಿಗೆ ತಾಗಿ ತಂತಿಯ ಎನಾಮಲ್ ಕೆರೆದುಹೋಯಿತು. ಬರೆದವರು ತಪ್ಪು ಬರೆದಿರಲಿಲ್ಲ, ಓದಿದವನೂ ಅಕ್ಷರ ತಪ್ಪಿ ಓದಿರಲಿಲ್ಲ. ಮಕ್ಕಳಿಗೆ ತೋರಿಸಬೇಕೆಂದುಕೊಂಡದ್ದು ಈ ನಡುವಿನ ಸಂದನ್ನೇ.

ಮೊದಲ ದಿನ ಯಾವ ಸಲಕರಣೆಯೂ ಇಲ್ಲದೆ ಮಾಡಿ ನೋಡಿದೆ. ಒಬ್ಬನು ಬಾಯಲ್ಲಿ ಹೇಳಬೇಕು, ಇನ್ನೊಬ್ಬಳು ಅಂಗಡಿಯ ಬಾಗಿಲಿನಿಂದ ಮೂಲೆಯ ವಾರ್ನಿಶ್ ಡಬ್ಬಿಯವರೆಗೆ ಅದರಂತೆ ನಡೆಯಬೇಕು. ‘ಮುಂದ ಹೋಗು, ಸಲ್ಪ ಈ ಕಡೆ ತಿರುಗು, ಆಮ್ಯಾಲೆ ಅಲ್ಲಿಗಂಟ ಹೋಗು’ ಎಂದ ಕೂಡಲೇ ಅವಳು ಹೋಗಿ ಡಬ್ಬಿ ಮುಟ್ಟಿ ನಗುತ್ತ ನಿಂತಳು. ‘ಸಲ್ಪ’ ಎಂದರೆ ಎಷ್ಟು, ‘ಅಲ್ಲಿ’ ಎಂದರೆ ಎಲ್ಲಿ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು, ಏಕೆಂದರೆ ಡಬ್ಬಿ ಅವಳ ಕಣ್ಣೆದುರಿಗೇ ಇತ್ತು. ಕಣ್ಣಿಗೆ ಬಟ್ಟೆ ಕಟ್ಟಿದರೂ ಹೇಳುವವನ ದನಿಯ ಏರಿಳಿತದಿಂದಲೇ ಆಕೆ ದಾರಿ ಹಿಡಿಯುತ್ತಿದ್ದಳು. ಮನುಷ್ಯ ಮನುಷ್ಯನಿಗೆ ಹೇಳುವಾಗ ಕೇಳುವವನ ಬುದ್ಧಿಯೇ ಅರ್ಧ ಕೆಲಸ ಮಾಡಿಬಿಡುತ್ತದೆ. ಆದ್ದರಿಂದ ಬಂಡಿಯನ್ನು ಬುದ್ಧಿವಂತ ಮಾಡುವುದು ನನ್ನ ಕೆಲಸವಾಗಿರಲಿಲ್ಲ. ಮಾಡುವವನ ಬುದ್ಧಿಯನ್ನು ಹೊರಗಿಡುವ ಉಪಾಯ ಬೇಕಾಗಿತ್ತು, ಮುಂದಿನ ಶ್ರಮವೆಲ್ಲ ಹೋದದ್ದು ಅದಕ್ಕೇ.

ಗೆರೆ ಎಳೆಯುತ್ತ ಹೋಗುವ ಬಂಡಿಯ ಯೋಚನೆ ನನ್ನದಲ್ಲ. 1967ರಲ್ಲಿ ಅಮೆರಿಕದಲ್ಲಿ ಸೆಮೋರ್ ಪೇಪರ್ಟ್ ಮತ್ತು ಅವರ ಸಂಗಡಿಗರು ಮಕ್ಕಳಿಗಾಗಿ ಲೋಗೋ ಎಂಬ ಭಾಷೆಯನ್ನು ಮಾಡಿದ್ದರು. ಮುಂದೆ ಅದರ ಆಜ್ಞೆಗಳಂತೆ ನೆಲದ ಮೇಲೆ ಓಡಾಡುತ್ತ ಪೆನ್ನಿನಿಂದ ಚಿತ್ರ ಬಿಡಿಸುವ ಯಂತ್ರದ ಆಮೆಯೂ ಬಂದಿತು. ನಾನು ಅದರಲ್ಲಿ ಕಂಪ್ಯೂಟರನ್ನೂ ಮೋಟಾರನ್ನೂ ಬಿಟ್ಟೆ. ಮೋಟಾರು ಹಾಕುವುದು ನನಗೆ ಕಷ್ಟವಿರಲಿಲ್ಲ. ಆದರೆ ಮೋಟಾರು ತಿರುಗುತ್ತಿದ್ದರೆ ಮಕ್ಕಳು ಮೋಟಾರನ್ನೇ ನೋಡುತ್ತಾರೆ, ಇದನ್ನು ಮೋಟಾರಿನವನ ಮಾತೆಂದು ನಂಬಬಹುದು.

ಗಾಲಿಗಳಿಗೆ 110 ಮಿಲಿಮೀಟರಿನ ಪಿವಿಸಿ ಪೈಪಿನಿಂದ ಎರಡು ಬಳೆಗಳನ್ನು ಕೊಯ್ದುಕೊಂಡು, ಒಳಗೆ ಬಿಗಿಯಾಗಿ ಕೂರುವಂತೆ ಪ್ಲೈವುಡ್ ಬಿಲ್ಲೆಗಳನ್ನು ಬಡಿದೆ. ಎರಡಕ್ಕೂ ಬೇರೆ ಬೇರೆ ಇರುಸು, ಒಂದು ಗಾಲಿ ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಿರುಗಬೇಕಾದ್ದರಿಂದ. ಎರಡು ಗಾಲಿಗಳ ನಡುವಿನ ಅಂತರವನ್ನು ಗಾಲಿಯ ವ್ಯಾಸದ ಸರಿಯಾಗಿ ಎರಡು ಪಟ್ಟು, ಅಂದರೆ 220 ಮಿಲಿಮೀಟರ್ ಇಟ್ಟೆ. ಹೀಗಿಟ್ಟರೆ ಲೆಕ್ಕ ಬಹಳ ಸರಳವಾಗುತ್ತದೆ: ಎರಡೂ ಗಾಲಿ ಒಂದೊಂದು ಪೂರ್ತಿ ಸುತ್ತು ಮುಂದೆ ಹೋದರೆ ಬಂಡಿ ನೆಲದ ಅಂಕಣದಲ್ಲಿ ಒಂದು ಮನೆ ಸರಿಯುತ್ತದೆ, ಒಂದು ಗಾಲಿ ಅರ್ಧ ಸುತ್ತು ಮುಂದಕ್ಕೆ ಮತ್ತು ಇನ್ನೊಂದು ಅರ್ಧ ಸುತ್ತು ಹಿಂದಕ್ಕೆ ಹೋದರೆ ಬಂಡಿ ನಿಂತಲ್ಲೇ ಲಂಬಕೋನಕ್ಕೆ ತಿರುಗುತ್ತದೆ. ಇರುಸಿನ ಸರಿನಡುವೆ ಪ್ಲೈವುಡ್ಡಿಗೆ ತೂತು ಹಾಕಿ ಅರ್ಧ ಇಂಚಿನ ಪೈಪಿನ ತುಂಡು ನಿಲ್ಲಿಸಿ, ಅದರಲ್ಲಿ ಸೀಮೆಸುಣ್ಣವನ್ನು ಇಳಿಬಿಟ್ಟೆ. ಹಗುರವಾಗಿ ಪುಟಿಯುತ್ತಿದ್ದುದರಿಂದ ಮೇಲೆ ಒಂದು ನಟ್ಟು ಕೂರಿಸಬೇಕಾಯಿತು. ಮುಂಭಾಗದ ಆಧಾರಕ್ಕೆ ಬಾಟಲಿಯ ಮುಚ್ಚಳದೊಳಗೆ ಒಂದು ಗೋಲಿ ಸಾಕಾಯಿತು.

ಮಾಡುವ ಹುಡುಗ ಗಾಲಿಯನ್ನು ಕಣ್ಣಂದಾಜಿನಲ್ಲಿ ತಿರುಗಿಸಬಾರದು. ಪ್ರತಿ ಅರ್ಧ ಸುತ್ತಿಗೆ ಒಂದು ‘ಟಕ್’ ಸದ್ದು ಬರಲೆಂದು ಬಿಲ್ಲೆಯ ಮೇಲೆ ಎದುರುಬದುರಾಗಿ ಎರಡು ಸ್ಕ್ರೂ ಹೊಡೆದು, ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡೊಂದು ಅವುಗಳ ಮೇಲೆ ಉಜ್ಜುವಂತೆ ಮಾಡಿದ್ದೆ. ಸದ್ದೇನೋ ಬಂತು, ಆದರೆ ಬ್ಲೇಡು ಸ್ಕ್ರೂವನ್ನು ದಾಟಿದ ಮೇಲೆ ಬರುವ ಸದ್ದು ಅದು, ಅಷ್ಟರಲ್ಲಿ ಗಾಲಿ ಒಂದಿಷ್ಟು ಮುಂದೆ ಹೋಗಿರುತ್ತಿತ್ತು. ಸ್ಕ್ರೂ ಕಿತ್ತು, ಗಾಲಿಗೆ ಅಂಟಿದಂತೆ ಇನ್ನೊಂದು ಸಣ್ಣ ಮರದ ಬಿಲ್ಲೆ ಕೂರಿಸಿ, ಅದರ ಅಂಚಿನಲ್ಲಿ ಅರದಿಂದ ಎರಡು ಕಚ್ಚು ಹಾಕಿದೆ. ಈಗ ಬ್ಲೇಡಿನ ತುದಿ ಕಚ್ಚಿನೊಳಗೆ ಬಿದ್ದು ಅಲ್ಲೇ ಕೂರುತ್ತದೆ, ಕೈಗೂ ಗೊತ್ತಾಗುತ್ತದೆ.

ಆಜ್ಞೆಗಳಿಗೆ ಸ್ಲಾಟಿನಲ್ಲಿ ಹಾಕುವ ಲೆದರಾಯ್ಡ್ ಕಾಗದವನ್ನು ಕತ್ತರಿಸಿ ಚೀಟಿ ಮಾಡಿದೆ. ಅದು ಬೆವರಿದ ಕೈಗೂ ಮೆತ್ತಗಾಗುವುದಿಲ್ಲ. ‘ಮುಂದೆ’, ‘ಬಲಕ್ಕೆ ತಿರುಗು’, ‘ಎಡಕ್ಕೆ ತಿರುಗು’, ‘ಸುಣ್ಣ ಎತ್ತು’, ‘ಸುಣ್ಣ ಇಳಿಸು’ ಎಂದು ಐದೇ ಬಗೆ, ‘ಮುಂದೆ’ ಚೀಟಿಯ ಮೇಲೆ ಅಂಕಿ ಬರೆಯಲು ಜಾಗ. ಇವುಗಳನ್ನು ವೈರಿಂಗಿಗೆ ಬಳಸುವ ಅಗಲದ ಕೇಸಿಂಗ್ ಪಟ್ಟಿಯಲ್ಲಿ ಸಾಲಾಗಿ ಜೋಡಿಸಬೇಕು. ಅದರ ಮುಚ್ಚಳದ ಪಟ್ಟಿಯ ನಡುವೆ ಒಂದೇ ಚೀಟಿ ಕಾಣುವಷ್ಟು ಕಿಂಡಿ ಕೊರೆದಿದ್ದೇನೆ. ಮಾಡುವವನು ಮುಚ್ಚಳವನ್ನು ಸರಿಸುತ್ತ ಒಂದೊಂದೇ ಚೀಟಿ ಓದಬೇಕು, ಮುಂದಿನದು ಏನೆಂದು ಅವನಿಗೆ ಕಾಣಿಸದು. ಬರೆದ ಹುಡುಗಿ ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಕೂರಬೇಕು, ಬಾಯಿ ಬಿಡಬಾರದು. ಇಡೀ ಸಾಮಾನಿನಲ್ಲಿ ಅತ್ಯಂತ ಹೆಚ್ಚು ಕೆಲಸ ಮಾಡಿದ್ದು ಈ ಅಂಗೈಯಗಲದ ಕಿಂಡಿಯೇ ಎಂದು ನನ್ನ ಅಭಿಪ್ರಾಯ. ಪೂರ್ತಿ ಸಾಲು ಕಂಡರೆ ಮಾಡುವವನು ‘ಓ, ಇದು ಚೌಕ’ ಎಂದು ಊಹಿಸಿ ತಪ್ಪನ್ನು ತಾನೇ ತಿದ್ದಿಬಿಡುತ್ತಾನೆ.

ನೆಲ ಸಿಮೆಂಟಿನದು. 110 ಮಿಲಿಮೀಟರ್ ವ್ಯಾಸಕ್ಕೆ ಸುತ್ತಳತೆ 345 ಮಿಲಿಮೀಟರಿಗೆ ಚೂರು ಹೆಚ್ಚು ಬರುವುದರಿಂದ, ಗಾರೆ ಕೆಲಸದ ದಾರವನ್ನು ಕೆಮ್ಮಣ್ಣಿನಲ್ಲಿ ಅದ್ದಿ ಹೊಡೆದು, ಮೂವತ್ತನಾಲ್ಕೂವರೆ ಸೆಂಟಿಮೀಟರಿನ ಮನೆಗಳನ್ನು ಆರಕ್ಕೆ ಆರು ಹಾಕಿದೆ. ಧೂಳಿನ ಮೇಲೆ ಪಿವಿಸಿ ಜಾರುತ್ತಿತ್ತು. ಜಾರದಿರಲೆಂದು ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಗಾಲಿಗೆ ಏರಿಸಿದೆ, ಏರಿಸುವಾಗ ಅಳೆಯಲಿಲ್ಲ.

ಮಗಳು ಬರೆದ ಮೊದಲ ಸಾಲು ಮೂರು ಮನೆಯ ಚೌಕದ್ದು. ಕಿರಾಣಿ ಅಂಗಡಿಯವರ ಹುಡುಗ ಟಕ್ ಟಕ್ ಎಣಿಸುತ್ತ ಒಂದೂ ಬಿಡದೆ ಮಾಡಿದ. ಆದರೂ ಚೌಕದ ಬಾಯಿ ಕೂಡಲಿಲ್ಲ, ಕೊನೆಯ ಗೆರೆ ಮೊದಲ ಗೆರೆಯ ಒಳಕ್ಕೆ ವಾಲಿಕೊಂಡಿತು. ‘ನೀ ತಪ್ಪ ಎಣಿಸಿದಿ’, ‘ನೀ ತಪ್ಪ ಬರದಿ’ ಎಂದು ಜಗಳ ಹತ್ತಿತು. ಈ ಜಗಳವನ್ನು ನಾನು ಬೇಗ ಬಿಡಿಸಲಿಲ್ಲ, ಏಕೆಂದರೆ ತಪ್ಪು ಹೇಳಿಕೆಯಲ್ಲಿದೆಯೋ ಯಂತ್ರದಲ್ಲಿದೆಯೋ ಎಂದು ಬೇರ್ಪಡಿಸುವುದು ರಿಪೇರಿಯ ಅರ್ಧ ವಿದ್ಯೆ. ಅದೇ ಸಾಲನ್ನು ಚೌಕಳಿ ಕಾಗದದ ಮೇಲೆ ಬೆರಳಿಟ್ಟು ನಡೆಸಿ ನೋಡಲು ಹೇಳಿದೆ. ಕಾಗದದ ಮೇಲೆ ಚೌಕ ಸರಿಯಾಗಿ ಕೂಡಿತು. ಹಾಗಾದರೆ ತಪ್ಪು ಬಂಡಿಯದು, ಅಂದರೆ ನನ್ನದು.

ಟ್ಯೂಬಿನ ದಪ್ಪ ಒಂದೂವರೆ ಮಿಲಿಮೀಟರ್. ಎರಡೂ ಬದಿಗೆ ಸೇರಿ ವ್ಯಾಸ 113 ಆಗಿತ್ತು, ಸುತ್ತಳತೆ 355. ಒಂದು ಮನೆಗೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರಿನಷ್ಟು ಬಂಡಿ ಮುಂದೆ ಓಡುತ್ತಿತ್ತು. ಅದಕ್ಕಿಂತ ಕೆಟ್ಟದ್ದು ತಿರುವಿನಲ್ಲಿತ್ತು: ಗಾಲಿ ದಪ್ಪವಾಗಿದ್ದರೂ ಗಾಲಿಗಳ ನಡುವಿನ ಅಂತರ 220ರಲ್ಲೇ ಉಳಿದಿದ್ದರಿಂದ 90 ಡಿಗ್ರಿಯ ಬದಲು ತೊಂಬತ್ತೆರಡೂವರೆಯಷ್ಟು ತಿರುಗುತ್ತಿತ್ತು, ನಾಲ್ಕು ತಿರುವಿಗೆ ಹತ್ತು ಡಿಗ್ರಿ ಹೆಚ್ಚು. ಎರಡೂ ಕಡೆಯ ಇರುಸಿಗೆ ಮೂರು ಮಿಲಿಮೀಟರಿನಷ್ಟು ವಾಷರ್ ತುಂಬಿ ಅಂತರವನ್ನು 226ಕ್ಕೆ ತಂದೆ, ನೆಲದ ಗೆರೆ ಅಳಿಸಿ ಮೂವತ್ತೈದೂವರೆ ಸೆಂಟಿಮೀಟರಿನ ಹೊಸ ಮನೆ ಹಾಕಿದೆ. ಕೆಮ್ಮಣ್ಣು ಸೀಮೆಸುಣ್ಣದ ಜೊತೆಗೇ ಒರಸಿಹೋಗುತ್ತಿದ್ದುದರಿಂದ ಈ ಸಲ ಗೆರೆಗಳ ಮೇಲೆ ಸುರುಳಿಗೆ ಹಾಕುವ ವಾರ್ನಿಶ್ ಬಳಿದೆ. ಅಂದ ಹಾಗೆ, 355ನ್ನು 113ರಿಂದ ಭಾಗಿಸಿದರೆ ಪೈ ಬೆಲೆ ಆರು ದಶಮಾಂಶ ಸ್ಥಾನದವರೆಗೆ ಸರಿಯಾಗಿ ಬರುತ್ತದೆ. 5ನೇ ಶತಮಾನದ ಚೀನಾದಲ್ಲಿ ಝು ಚೋಂಗ್‌ಝಿ ಕೊಟ್ಟ ಭಿನ್ನರಾಶಿ ಅದು. ಪಂಕ್ಚರ್ ಅಂಗಡಿಯಿಂದ ತಂದ ಟ್ಯೂಬು ನನ್ನನ್ನು ಅಲ್ಲಿಗೆ ತಲುಪಿಸಿತೆಂದು ಮಕ್ಕಳಿಗೆ ಹೇಳಿದಾಗ ಅವರಿಗೆ ಅಷ್ಟೇನೂ ರುಚಿಸಲಿಲ್ಲ.

ಬಂಡಿ ನೆಟ್ಟಗಾದ ಮೇಲೆ ನಿಜವಾದ ತಪ್ಪುಗಳು ಮೇಲೆ ಬಂದವು. ಈ ಗೋಡೆಯ ಬದಿಯ ಮನೆಯಿಂದ ಆ ಗೋಡೆಯ ಬದಿಯ ಮನೆಗೆ ಒಯ್ಯಲು ಅಕ್ಕಿ ಗಿರಣಿಯ ಹಮಾಲರೊಬ್ಬರ ಮಗ ‘ಮುಂದೆ 6’ ಎಂದು ಬರೆದ, ಬಂಡಿ ಅಂಕಣ ದಾಟಿ ಗೋಡೆಗೆ ಹೋಗಿ ಗುದ್ದಿತು. ‘ಕಾಕಾ, ಮನಿ ಆರ ಅದಾವು, ಎಣಿಸ್ರಿ’ ಎಂದು ವಾದ. ನಾನು ಉತ್ತರಿಸುವುದಕ್ಕೆ ಮೊದಲೇ ಅವನ ತಂಗಿ, ‘ಪಗಡಿ ಆಡೂ ಮುಂದ ನಿಂತ ಮನಿ ಎಣಿಸ್ತಿ ಏನು?’ ಎಂದಳು. ಮನೆಗಳು ಆರು, ಹೆಜ್ಜೆಗಳು ಐದು. ಪಿಚ್ 1–6ರಲ್ಲಿ ನಾನು ಕೆಡಿಸಿದ್ದೂ ಇದೇ ಎಣಿಕೆ, ಆದರೆ ಹಿಂದುಮುಂದಾಗಿ. ಅಂದೇ ಒಂದು ಹಳೆಯ ಸ್ಟೇಟರ್ (ಮೋಟಾರಿನ ತಿರುಗದ ಭಾಗ) ತಂದು ಸ್ಲಾಟುಗಳ ಮೇಲೆ ಅವರ ಬೆರಳಿಡಿಸಿ ಎಣಿಸಿದೆವು: ಒಂದರಲ್ಲಿ ಒಂದು ಕಾಲು, ಆರರಲ್ಲಿ ಇನ್ನೊಂದು, ನಡುವೆ ಖಾಲಿ ಉಳಿಯುವುದು ನಾಲ್ಕು, ದಾಟಬೇಕಾದ್ದು ಐದು. ಮೂರು ಅಂಕಿಯೂ ನಿಜ. ಯಾವುದನ್ನು ಹೇಳುತ್ತಿದ್ದೇವೆಂಬುದನ್ನು ಹೇಳದಿದ್ದರೆ ಮೂರೂ ಸುಳ್ಳು.

ಎಡಬಲದ ಗೊಂದಲ ಎಲ್ಲರೂ ನಿರೀಕ್ಷಿಸುವಂಥದ್ದೇ. ಬಂಡಿ ತನ್ನ ಕಡೆಗೆ ಬರುತ್ತಿರುವಾಗ ಬರೆಯುವವರು ತಮ್ಮ ಎಡವನ್ನು ಬರೆಯುತ್ತಾರೆ. ಬಂಡಿಯ ಎಡಗಾಲಿಗೆ ತಂತಿಗೆ ಹೊದಿಸುವ ಹಳದಿ ಸ್ಲೀವ್, ಬಲಗಾಲಿಗೆ ಕೆಂಪು ಸ್ಲೀವ್ ಸುತ್ತಿದ ಮೇಲೆ ಅದು ಎರಡೇ ದಿನದಲ್ಲಿ ಹೋಯಿತು. ‘ಎಡಕ್ಕೆ ತಿರುಗು’ ಎಂದರೆ ಎಡಗಡೆಯ ಮನೆಗೆ ಹೋಗುವುದಲ್ಲ, ನಿಂತಲ್ಲೇ ಮುಖ ತಿರುಗಿಸುವುದು ಎಂಬುದು ಮಾತ್ರ ಕೊನೆಯವರೆಗೂ ಒಬ್ಬಿಬ್ಬರನ್ನು ಕಾಡಿತು. ಆಡುಮಾತಿನಲ್ಲಿ ನಾವು ‘ಎಡಕ್ಕ ಹೊಳ್ಳು’ ಎಂದಾಗ ಎರಡನ್ನೂ ಸೇರಿಸಿಯೇ ಹೇಳುತ್ತೇವಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಪುನರಾವರ್ತನೆಯ ಪಾಠ. ಚೌಕಕ್ಕೆ ‘ಮುಂದೆ 2, ಬಲಕ್ಕೆ ತಿರುಗು’ ಎಂಬುದನ್ನು ನಾಲ್ಕು ಸಲ ಬರೆದು ಬೇಸತ್ತ ಮಗಳು ಒಂದು ಸಲ ಬರೆದು, ಕೆಳಗೆ ‘ಮತ್ತೆ 4 ಸಲ’ ಎಂಬ ಹೊಸ ಚೀಟಿಯನ್ನು ತಾನೇ ಮಾಡಿಟ್ಟಳು. ಚೌಕ ಅಂದವಾಗಿ ಬಂತು, ಎಲ್ಲರೂ ಚಪ್ಪಾಳೆ ಹೊಡೆದರು. ಅದರ ಮುಂದೆ ಇನ್ನೊಂದು ಚೌಕ ಜೋಡಿಸಿ ಕಿಟಕಿಯ ಆಕಾರ ತರುವ ಸಾಲಿನಲ್ಲಿ ಮಾತ್ರ ಎರಡನೆಯ ಚೌಕ ಎಲ್ಲೆಲ್ಲೋ ಹೋಗಿ ಕೂತಿತು. ಕಾಗದದ ಮೇಲೆ ಬೆರಳು ನಡೆಸಿ ಹುಡುಕಲು ಅರ್ಧ ಗಂಟೆ ಹಿಡಿಯಿತು. ‘ಮತ್ತೆ 4 ಸಲ’ ಎಂದರೆ ಮೊದಲಿನದೂ ಸೇರಿ ಐದು. ಐದನೆಯ ಸಲ ಬಂಡಿ ಮೊದಲ ಗೆರೆಯ ಮೇಲೇ ಇನ್ನೊಮ್ಮೆ ಎಳೆದಿದ್ದರಿಂದ ಚಿತ್ರದಲ್ಲಿ ತಪ್ಪು ಕಾಣಿಸಿರಲೇ ಇಲ್ಲ, ಬಂಡಿ ನಿಂತ ಮೂಲೆ ಮಾತ್ರ ಬೇರೆಯಾಗಿತ್ತು. ಟೆಸ್ಟಿಂಗಿನಲ್ಲಿ ಚೆನ್ನಾಗಿ ಓಡಿ, ಹೊಲಕ್ಕೆ ಹೋದ ಮೇಲೆ ಸುಡುವ ಮೋಟಾರಿನ ಜಾತಿಯ ತಪ್ಪು ಇದು. ಚೀಟಿಯ ಮೇಲೆ ‘ಮತ್ತೆ’ ಹೊಡೆದುಹಾಕಿ ‘ಒಟ್ಟು’ ಎಂದು ಬರೆದೆವು. ಯಾವಲ್ಲಿಂದ ಯಾವಲ್ಲಿಯವರೆಗಿನದನ್ನು ಮತ್ತೆ ಮಾಡಬೇಕೆಂಬ ಪ್ರಶ್ನೆಗೆ ಕೇಸಿಂಗಿನ ಅಂಚಿಗೆ ಸಿಕ್ಕಿಸುವ ಎರಡು ನೀಲಿ ಸ್ಲೀವಿನ ತುಂಡುಗಳು ಬೇಲಿಯಾದವು.

ಓರೆ ಗೆರೆ ಈ ಬಂಡಿಗೆ ಬಾರದು. ಎರಡೂ ಗಾಲಿಗೆ ನಾಲ್ಕು ನಾಲ್ಕು ಕಚ್ಚು ಹಾಕಿದರೆ 45 ಡಿಗ್ರಿ ತಿರುಗುತ್ತದೆ, ನಿಜ. ಆದರೆ ಮನೆಯ ಕರ್ಣದ ಉದ್ದಕ್ಕೆ ಎರಡರ ವರ್ಗಮೂಲದಷ್ಟು ಸುತ್ತು ಬೇಕು, ಎಷ್ಟು ಕಚ್ಚು ಹಾಕಿದರೂ ಆ ಸಂಖ್ಯೆ ಕಚ್ಚಿಗೆ ಸರಿಯಾಗಿ ಬಂದು ಕೂರುವುದಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಮೂರನೆಯ ವಾರ ಬಂಡಿಯನ್ನು ಬದಿಗಿಟ್ಟು, ಬೆನ್ನಿಗೆ ಬೆನ್ನು ಹಚ್ಚಿ ಕೂತು ರಂಗೋಲಿ ಹೇಳಿಸಿದೆ. ಎದುರುಮನೆಯ ಅಕ್ಕ ತನ್ನ ಪುಸ್ತಕದಿಂದ ‘7ರಿಂದ 1’ ಎಂದು ಓದಿದರು. ಇಬ್ಬರು ಹುಡುಗಿಯರು ಚುಕ್ಕಿ ಇಟ್ಟರು. ಒಬ್ಬಳ ನೆಲದ ಮೇಲೆ 25 ಚುಕ್ಕಿ, ಇನ್ನೊಬ್ಬಳಲ್ಲಿ 49. ಮೊದಲನೆಯವಳು ಏಳರ ಸಾಲಿನ ಮೇಲೂ ಕೆಳಗೂ ಚುಕ್ಕಿಗೆ ಎದುರಾಗಿಯೇ ಚುಕ್ಕಿ ಇಡುತ್ತ, ಎರಡು ತುದಿಯಲ್ಲಿ ಒಂದೊಂದು ಬಿಟ್ಟು 5, 3, 1 ಮಾಡಿದ್ದಳು. ಎರಡನೆಯವಳು ಎರಡು ಚುಕ್ಕಿಗಳ ಸಂದಿನಲ್ಲಿ ಇಡುತ್ತ 6, 5, 4 ಎಂದು ಇಳಿದಿದ್ದಳು. ಪುಸ್ತಕವನ್ನು ಇನ್ನೊಮ್ಮೆ ನೋಡಿದರೆ ಅಂಕಿಗಳ ಮುಂದೆಯೇ ‘ಸಂದು ಚುಕ್ಕಿ’ ಎಂದಿತ್ತು, ಅಕ್ಕ ಅದನ್ನು ಓದಿರಲಿಲ್ಲ. ‘ನೋಡಿದ್ರ ಗೊತ್ತಾಗತೈತಲ್ಲಪ್ಪ’ ಎಂದು ನಕ್ಕರು. ನೋಡಿದರೆ ಗೊತ್ತಾಗುತ್ತದೆ, ಬೆನ್ನು ಹಚ್ಚಿ ಕೂತವರಿಗೆ ಗೊತ್ತಾಗುವುದಿಲ್ಲ. ಚಿತ್ರ ಬಿಡಿಸುವ ಮೊದಲು ಒಟ್ಟು ಚುಕ್ಕಿಗಳನ್ನು ಎಣಿಸಿ ತಾಳೆ ನೋಡುವ ಪದ್ಧತಿಯನ್ನು ಮಕ್ಕಳು ಅಂದಿನಿಂದ ತಾವೇ ಇಟ್ಟುಕೊಂಡರು.

ಕೊನೆಯ ದಿನ ಮಂಡಾಳು (ಮಂಡಕ್ಕಿ) ಒಗ್ಗರಣೆ. ಸ್ಟೋವಿನ ಮುಂದೆ ನಾನೇ ಬುದ್ಧಿಯಿಲ್ಲದ ಬಂಡಿಯಾದೆ, ಎಣ್ಣೆ ಕಾಯಿಸುವ ಕೆಲಸವನ್ನು ಮಕ್ಕಳ ಕೈಗೆ ಕೊಡುವಂತಿರಲಿಲ್ಲ. ‘ಮಂಡಾಳು ನೀರಾಗ ಹಾಕ್ರಿ’ ಎಂದರು, ಹಾಕಿ ಕೈಕಟ್ಟಿ ನಿಂತೆ. ಉಳ್ಳಾಗಡ್ಡಿ ಹೆಚ್ಚುವ ಬಗ್ಗೆ ಅವರು ಚರ್ಚಿಸಿ ಮುಗಿಸುವಷ್ಟರಲ್ಲಿ ಬೋಗುಣಿಯಲ್ಲಿದ್ದದ್ದು ಗಂಜಿಯಾಗಿತ್ತು. ಎರಡನೆಯ ಸೇರಿಗೆ ‘ಹತ್ತು ಎಣಿಸುವತನಕ’ ಎಂದು ಸೇರಿಸಿದರು. ಮೂರನೆಯ ಚರ್ಚೆಯಲ್ಲಿ, ಮಂಡಾಳು ಹಳೆಯದಾದರೆ ಹತ್ತು ಸಾಲದು, ಹೊಸದಾದರೆ ಹೆಚ್ಚಾಗುತ್ತದೆ, ಆದ್ದರಿಂದ ಎಣಿಕೆಗಿಂತ ‘ಒಂದನ್ನು ಒತ್ತಿ ನೋಡು, ನಡುವೆ ಗಟ್ಟಿ ತಗುಲಿದರೆ ಇನ್ನೂ ಬಿಡು, ತಗುಲದಿದ್ದರೆ ಎಲ್ಲವನ್ನೂ ಹಿಂಡಿ ತೆಗೆ’ ಎಂದು ಬರೆಯಬೇಕೆಂದು ತೀರ್ಮಾನವಾಯಿತು. ಪುಟಾಣಿ ಹಿಟ್ಟಿಗೂ ಉಪ್ಪಿಗೂ ಚಮಚದ ಅಳತೆ ಬಂತು. ಗಂಜಿಯಾದದ್ದನ್ನು ಆಡಿಗೆ ಹಾಕಿದೆವು, ಉಳಿದದ್ದನ್ನು ಮಿರ್ಚಿ ತರಿಸಿಕೊಂಡು ತಿಂದೆವು.

ಬಂಡಿ ಈಗ ಅಂಗಡಿಯ ಅಟ್ಟದ ಮೇಲಿದೆ. ಗೋಲಿ ಕೂತ ಮುಚ್ಚಳ ಸವೆದಿದೆ, ಎಡಗಾಲಿಯ ಟ್ಯೂಬು ಬಿಸಿಲಿಗೆ ಬಿರುಕು ಬಿಟ್ಟಿದೆ. ಬೇರೆ ಟ್ಯೂಬು ಹಾಕುವಾಗ ಮೊದಲು ದಪ್ಪ ಅಳೆಯಬೇಕೆಂದು ಪ್ಲೈವುಡ್ಡಿನ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಶಾಲೆ ಶುರುವಾಗುವ ಮುನ್ನಾದಿನ ಹಮಾಲರ ಮಗಳು ನನ್ನ ಡಾಟಾ ಪುಸ್ತಕ ತಿರುವಿ ಹಾಕುತ್ತಿದ್ದವಳು, ‘ಕಾಕಾ, ಇಲ್ಲಿ 1–6 ಅಂತ ಅಷ್ಟ ಬರದೀರಿ, ಎಣಿಸೂದು ಹೆಂಗ ಅಂತ ಬರದಿಲ್ಲ’ ಎಂದಳು. ಈಗ ಆ ಪುಸ್ತಕದಲ್ಲಿ ಪ್ರತಿ ಮೋಟಾರಿನ ಪಿಚ್ಚಿನ ಪಕ್ಕಕ್ಕೂ ‘ನಡುವೆ ಖಾಲಿ 4’ ಎಂಬಂತೆ ಇನ್ನೊಂದು ಅಂಕಿ ಇರುತ್ತದೆ. ಹಳೆಯ ಪುಟಗಳಲ್ಲೂ ತುಂಬುತ್ತ ಬಂದಿದ್ದೇನೆ, ಇನ್ನೂ ಅರ್ಧ ಪುಸ್ತಕ ಬಾಕಿ ಇದೆ.